ಎಡಕ್ಕೆ ತಿರುಗಿದರೆ ಸುಳ್ಳು ಹೇಳುವ ಚಕ್ರ

ಬ್ರೇಕ್ ಪೆಡಲ್ ದೀಪಕ್‌ನ ಕಾಲನ್ನು ವಾಪಸ್ ಒದೆಯಿತು.

ಗರ್ರ್... ಗರ್ರ್... ಗರ್ರ್...

ಹುಲಿಕೆರೆ ಹತ್ತಿರದ ಎಡ ತಿರುವು. ಎದುರಿಗೆ ರಸ್ತೆ ತುಂಬಾ ಕುರಿಗಳು.

“ನಿಲ್ತಿಲ್ಲ ಜವರಣ್ಣ.”

“ಒತ್ತು. ಕಾಲು ತೆಗೀಬೇಡ.”

ಕಾರು ಜಾರಿಕೊಂಡು ಹೋಗಿ ನಿಂತಿತು. ಬಂಪರ್‌ಗೂ ಟಗರಿಗೂ ನಡುವೆ ಒಂದು ಗೇಣು. ಟಗರು ನಮ್ಮನ್ನು ನೋಡಿತು. ಯೋಚಿಸಿತು. ಬಂಪರಿಗೆ ಒಂದು ಡಿಕ್ಕಿ ಕೊಟ್ಟು ಹೊರಟು ಹೋಯಿತು.

ಹಿಂದಿನ ಸೀಟಿನಿಂದ ದೀಪಕ್‌ನ ಅಜ್ಜಿ ಗಿಡ್ಡಮ್ಮನ ದನಿ ಬಂತು. “ದೃಷ್ಟಿ ಕಣಪ್ಪ. ನಾ ಯೋಳ್ಲಿಲ್ವಾ?”

ಕೇಳಿ ಸ್ವಾಮಿ, ನಾನು ಜವರಪ್ಪ. ಅರಸೀಕೆರೆ ಬಸ್ ಸ್ಟ್ಯಾಂಡ್ ಹಿಂದೆ ನನ್ನ ಗ್ಯಾರೇಜು. ಇಪ್ಪತ್ತೆರಡು ವರ್ಷದಿಂದ ಕಾರುಗಳ ವಿಚಾರಣೆ ನಡೆಸುತ್ತಿದ್ದೇನೆ. ಓದಿದ್ದು ಏಳನೇ ಕ್ಲಾಸು. ಕಾರುಗಳಿಗೆ ಅದು ಗೊತ್ತಿಲ್ಲ.

ದೀಪಕ್ ಗಂಡಸಿಯ ಹುಡುಗ. ಟ್ರಾವೆಲ್ಸ್ ಮಾಲೀಕ ರಾಜಶೇಖರ್ ಅವರ ಕಾರು ಓಡಿಸುತ್ತಾನೆ. ಆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಎಬಿಎಸ್ ದೀಪ ಉರಿಯಲು ಶುರುವಾಗಿ ಎರಡು ತಿಂಗಳು. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಯಂತ್ರ ಅದು. ಈಗ ಕಾಯುವವನೇ ಕಳ್ಳನಾಗಿದ್ದ.

ಬೆಳಿಗ್ಗೆ ಮಾಲೀಕರು ದೀಪಕ್‌ಗೆ ಹೇಳಿದ್ದು ಇಷ್ಟೇ. “ಹನ್ನೆರಡಕ್ಕೆ ಬೇಲೂರಿನಲ್ಲಿ ಟೂರ್ ಪಾರ್ಟಿ ಕಾರು ಹತ್ತುತ್ತೆ. ಅಷ್ಟರೊಳಗೆ ಆ ದೀಪ ಆರಬೇಕು. ಇಲ್ಲಾಂದ್ರೆ ಕೀ ಇಟ್ಟು ಬಸ್ ಹತ್ತು. ಕಾರಿಗೆ ಏನೂ ಆಗಿಲ್ಲ. ನಿನ್ನ ಕಾಲೇ ಸರಿಯಿಲ್ಲ.”

ನನಗೂ ಉರಿ ಇತ್ತು. ಮೂರು ವಾರದ ಹಿಂದೆ ಆ ಕಾರಿಗೆ ಚಕ್ರದ ವೇಗ ಅಳೆಯುವ ಹೊಸ ಸೆನ್ಸಾರ್ ಹಾಕಿದ್ದು ನಾನೇ. ಅದಕ್ಕೇ ನಾನೂ ಹತ್ತಿದ್ದೆ; ದೃಷ್ಟಿ ಅಂತ ಹಟ ಹಿಡಿದು ಅಜ್ಜಿಯೂ ಹತ್ತಿದ್ದರು.

ಕುರಿಗಳು ದಾಟಿದವು. ಹಿಂದೆ ಹಾರ್ನ್ ಕೇಳಿಸಿತು.

ಹಸಿರು ಜೀಪು. ಸ್ಟೀರಿಂಗ್ ಹಿಂದೆ ರಾಜಶೇಖರ್. ಹನ್ನೆರಡರವರೆಗೆ ಕಾಯುವ ಜಾತಕ ಅವರದ್ದಲ್ಲ.

ದೀಪಕ್‌ನ ಫೋನು ಬಡಿದುಕೊಂಡಿತು. ಸ್ಪೀಕರ್ ಹಾಕಿದ.

“ಲೇ ದೀಪಕ್. ನೋಡ್ದೆ ನಾನು. ಕುರಿ ಮೇಲೆ ಬಿಡ್ತಿದ್ದೆ. ಸೈಡಿಗೆ ಹಾಕು. ಕೀ ಕೊಡು.”

ದೀಪಕ್ ನನ್ನ ಮುಖ ನೋಡಿದ.

“ಇನ್ನೂ ಹತ್ತೂವರೆ,” ಅಂದೆ. “ಓಡಿಸು. ಮೂವತ್ತು ದಾಟಬೇಡ.”

“ಓಡಿಹೋಗೋದು ಅಂದ್ರೆ ಮೂವತ್ತರಲ್ಲಾ ಅಣ್ಣ?”

“ಬ್ರೇಕ್ ನೆಟ್ಟಗಿಲ್ಲದವರು ಹಂಗೇ ಓಡಿಹೋಗ್ಬೇಕು.”

ಚೇಸ್ ಶುರುವಾಯಿತು. ಮುಂದೆ ನಾವು, ಮೂವತ್ತರಲ್ಲಿ. ಹಿಂದೆ ಜೀಪು, ಅದೂ ಮೂವತ್ತರಲ್ಲಿ. ಓವರ್‌ಟೇಕ್ ಮಾಡಿ ಅಡ್ಡ ಹಾಕಬಹುದಿತ್ತು. ಆದರೆ ನಿಲ್ಲದ ಕಾರಿಗೆ ಅಡ್ಡ ನಿಲ್ಲುವಷ್ಟು ದಡ್ಡರಲ್ಲ ರಾಜಶೇಖರ್. ತೆಂಗಿನಕಾಯಿ ಮೂಟೆ ಹೇರಿದ ಒಂದು ಮೊಪೆಡ್ ನಮ್ಮಿಬ್ಬರನ್ನೂ ಹಿಂದೆ ಹಾಕಿ ಹೋಯಿತು. ಅದರ ಸವಾರ ಕೈ ಬೀಸಿದ.

ನನ್ನ ತೊಡೆಯ ಮೇಲೆ ಕಾರಿಗೆ ಸಿಕ್ಕಿಸಿದ ಸ್ಕ್ಯಾನರ್ ಇತ್ತು. ಪರದೆಯಲ್ಲಿ ನಾಲ್ಕು ಅಂಕಿ. ನಾಲ್ಕು ಚಕ್ರ, ನಾಲ್ಕು ಸಾಕ್ಷಿ.

ಮೂವತ್ತು. ಮೂವತ್ತು. ಮೂವತ್ತು. ಮೂವತ್ತು.

ಎಲ್ಲರದ್ದೂ ಒಂದೇ ಮಾತು. ಪೊಲೀಸ್ ಸ್ಟೇಷನ್‌ನಲ್ಲಿ ಹೀಗಾದರೆ ಅನುಮಾನ ಪಡಬೇಕು. ಕಾರಿನಲ್ಲಿ ಹೀಗಾದರೆ ಎಲ್ಲ ಸರಿಯಿದೆ ಅಂತ ಅರ್ಥ.

ನೆಟ್ಟಗೆ ಹೋಗುವಾಗ ಸರಿ. ಹಾಗಾದರೆ ತಿರುಗಿಸಿ ನೋಡಬೇಕು. ರಸ್ತೆ ಪಕ್ಕದಲ್ಲಿ ಒಂದು ಬಯಲು, ನಡುವೆ ಅರಳಿಕಟ್ಟೆ.

“ಒಳಗೆ ತಗೋ. ಕಟ್ಟೆ ಸುತ್ತು ಹಾಕು.”

“ಬಲಕ್ಕೆ ಸುತ್ತು ಕಣ್ಲಾ,” ಅಂದರು ಗಿಡ್ಡಮ್ಮ. “ಅರಳಿಮರ. ಪ್ರದಕ್ಷಿಣೆ ಬಲಕ್ಕೇ ಬರಬೇಕು.”

ದೀಪಕ್ ಬಲಕ್ಕೆ ಸುತ್ತಿದ. ಒಂದು ಸುತ್ತು, ಎರಡು ಸುತ್ತು. ಜೀಪೂ ನಮ್ಮ ಹಿಂದೆಯೇ ಸುತ್ತಿತು, ಹಾರ್ನ್ ಹೊಡೆಯುತ್ತಾ. ಗಿಡ್ಡಮ್ಮ ಕೈ ಮುಗಿದು ಎಣಿಸುತ್ತಿದ್ದರು. ನಾಲ್ಕು ಸಾಕ್ಷಿಗಳೂ ಪ್ರಾಮಾಣಿಕರು.

ಐದನೇ ಸುತ್ತಿಗೆ ನನಗೆ ತಲೆ ತಿರುಗಿತು. ನಗುವೂ ಬಂತು. ದೇವರಾಣೆ, ತಡೆಯಲಾಗಲಿಲ್ಲ. ದೀಪಕ್ ಕೆಲಸ ಹೋಗುವ ಭಯದಲ್ಲೂ ಕಿಸಕ್ಕನೆ ನಕ್ಕ.

“ಈಗ ಉಲ್ಟಾ. ಎಡಕ್ಕೆ.”

“ಬ್ಯಾಡ ಕಣಪ್ಪ,” ಗಿಡ್ಡಮ್ಮ ನನ್ನ ಭುಜ ಹಿಡಿದರು. “ಅಪ್ರದಕ್ಷಿಣೆ ಆಯ್ತದೆ. ಅದು ಕೆಟ್ಟದ್ದು.”

“ಕೆಟ್ಟದ್ದೇ ಬೇಕಾಗಿರೋದು ಅಜ್ಜಿ. ತಪ್ಪು ನನ್ನ ತಲೆ ಮ್ಯಾಲೆ ಇರ್ಲಿ.”

ದೀಪಕ್ ಕಾರನ್ನು ಅಲ್ಲೇ ತಿರುಗಿಸಿದ. ಈಗ ಜೀಪು ನಮ್ಮ ಎದುರಿಗೇ ಬರುತ್ತಿತ್ತು. ರಾಜಶೇಖರ್ ಕಣ್ಣು ಬಿಟ್ಟರು. ಜೀಪು ಪಕ್ಕಕ್ಕೆ ನುಗ್ಗಿ ಲಂಟಾನ ಪೊದೆಯೊಳಗೆ ಮೂತಿ ತುರುಕಿತು.

ದೀಪಕ್ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ಎಳೆದ.

ಹದಿನೈದು. ಹದಿನೈದು. ಹದಿನೈದು. ಸೊನ್ನೆ.

ಮುಂದಿನ ಎಡ ಚಕ್ರ. ಮೂರು ವಾರದ ಹಿಂದೆ ನಾನು ಸೆನ್ಸಾರ್ ಬದಲಿಸಿದ್ದೂ ಇದಕ್ಕೇ. ಕಾರು ಓಡುತ್ತಿದೆ, ಆ ಚಕ್ರ ಮಾತ್ರ “ನಾನು ನಿಂತಿದ್ದೇನೆ” ಅನ್ನುತ್ತಿದೆ. ಚಕ್ರ ಕಚ್ಚಿಕೊಂಡಿದೆ ಅಂತ ಯಂತ್ರ ನಂಬುತ್ತದೆ, ಹಿಡಿದ ಬ್ರೇಕ್ ಸಡಿಲಿಸುತ್ತದೆ. ಪೆಡಲ್ ಒದೆಯುತ್ತದೆ. ಪಾಪ, ದೀಪಕ್‌ನ ಕಾಲಿನ ತಪ್ಪು ಏನೂ ಇರಲಿಲ್ಲ.

“ನಿಲ್ಸು. ಕಳ್ಳ ಸಿಕ್ಕಿಬಿದ್ದ,” ಅಂದೆ.

ಜಾಕ್ ಹಾಕಿದೆ. ಚಕ್ರ ಬಿಚ್ಚಿದೆ. ಬ್ಯಾಗಿನಲ್ಲಿ ಇನ್ನೊಂದು ಹೊಸ ಸೆನ್ಸಾರ್ ಇತ್ತು. ಸುಮ್ಮನೆ ಬದಲಾಯಿಸಿದರೆ ಮೂರು ವಾರಕ್ಕೆ ಮತ್ತೆ ಇದೇ ಕತೆ. ಮೊದಲು ಕಾರಣ ಬೇಕಿತ್ತು.

ಸೆನ್ಸಾರ್‌ನಿಂದ ಹೊರಡುವ ಕಪ್ಪು ವೈರಿನ ಮೇಲೆ ಬೆರಳು ಆಡಿಸುತ್ತಾ ಹೋದೆ. ಅರ್ಧದಲ್ಲಿ ಬೆರಳು ನಿಂತಿತು.

ಕಪ್ಪು ದಾರ. ಒಂದು ಎಳೆಯಲ್ಲ. ಸುತ್ತಿನ ಮೇಲೆ ಸುತ್ತು. ನಡುವೆ ಒಂದು ತಾಯತ. ವೈರನ್ನೂ ಸಸ್ಪೆನ್ಷನ್ ಕಂಬವನ್ನೂ ಸೇರಿಸಿ ಬಿಗಿದ ಗಂಟು. ಚಕ್ರ ಎಡಕ್ಕೆ ತಿರುಗಿದಾಗ ವೈರಿಗೆ ಸಡಿಲ ಬೇಕು. ಇಲ್ಲಿ ಕೂದಲೆಳೆಯಷ್ಟೂ ಇರಲಿಲ್ಲ. ಎಳೆದು ಎಳೆದು ಒಳಗಿನ ತಂತಿ ತುಂಡಾಗಿತ್ತು.

ಸಾಕ್ಷಿ ಸುಳ್ಳು ಹೇಳುತ್ತಿರಲಿಲ್ಲ ಸ್ವಾಮಿ. ಯಾರೋ ಅದರ ಕತ್ತು ಬಿಗಿದಿದ್ದರು.

ನಾನು ತಿರುಗಿ ನೋಡಿದೆ. ಗಿಡ್ಡಮ್ಮ ಕೈಯಲ್ಲಿ ಕಪ್ಪು ದಾರದ ಉಂಡೆ ಹಿಡಿದು ನಿಂತಿದ್ದರು.

“ಅಜ್ಜಿ, ಇದು ಯಾವಾಗ ಕಟ್ಟಿದ್ದು?”

“ಯುಗಾದಿ ಆದ್ಮ್ಯಾಕೆ. ಮೊಮ್ಮಗ ದಿನಾ ರೋಡಲ್ಲಿ ತಿರುಗ್ತಾನೆ, ಅದ್ಕೆ. ಯಾರ ಕಣ್ಣಿಗೂ ಕಾಣಬಾರ್ದು ಅಂತ ಒಳಗಡೆ ಕಟ್ದೆ.”

“ಒಂದೇ ಸಲ?”

“ಎಲ್ಲೀದು. ಆ ದೀಪ ಹತ್ತಿದಾಗೆಲ್ಲ ಇನ್ನೊಂದ್ ಸುತ್ತು ಬಿಗಿದೆ.”

ದೀಪಕ್ ಕಟ್ಟೆಯ ಮೇಲೆ ಕೂತ. “ಅಜ್ಜೀ...”

ದೀಪ ಹತ್ತುತ್ತದೆ, ಅಜ್ಜಿ ಬಿಗಿಯುತ್ತಾರೆ. ಅಜ್ಜಿ ಬಿಗಿಯುತ್ತಾರೆ, ದೀಪ ಹತ್ತುತ್ತದೆ.

ಅಷ್ಟರಲ್ಲಿ ನನಗೆ ನೆನಪಾಯಿತು. ಮೂರು ವಾರದ ಹಿಂದೆ ಇದೇ ಗಂಟು ನನ್ನ ಕೈಗೆ ಸಿಕ್ಕಿತ್ತು. ದೇವರ ದಾರ ಕತ್ತರಿಸಬಾರದು ಅನ್ನುವುದು ನಮ್ಮ ಕಸುಬಿನವರ ರೂಢಿ. ಬಿಚ್ಚಿ ಪಕ್ಕಕ್ಕಿಟ್ಟು, ಹೊಸ ಸೆನ್ಸಾರ್ ಹಾಕಿ, ಹೇಗಿತ್ತೋ ಹಾಗೆಯೇ ಮತ್ತೆ ಕಟ್ಟಿದ್ದೆ. ಭಕ್ತಿಯಿಂದ. ಬಿಗಿಯಾಗಿ.

ರಾಜಶೇಖರ್ ಪೊದೆಯಿಂದ ಬಂದರು. ಶರ್ಟ್ ತುಂಬಾ ಲಂಟಾನ ಹೂವು. ಕೈ ಚಾಚಿದರು. “ಕೀ.”

“ಹತ್ತು ನಿಮಿಷ ಸಾರ್.”

“ಯಾರದ್ದು ತಪ್ಪು? ಅದನ್ನ ಹೇಳು ಮೊದಲು.”

ಅಜ್ಜಿ ಉಂಡೆಯನ್ನು ಸೆರಗಿನೊಳಗೆ ಸರಿಸಿದರು.

“ನಂದು,” ಅಂದೆ. “ಹೋದ ಸಲ ವೈರು ಬಿಗಿಯಾಗಿ ಕಟ್ಟಿಬಿಟ್ಟಿದ್ದೆ. ಇವನ ಕಾಲು ಸರಿಯಾಗೇ ಐತೆ.”

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ದಾರ ಬಿಚ್ಚಿ, ಮಾಲೀಕರ ಕಣ್ಣು ತಪ್ಪಿಸಿ ಅಜ್ಜಿಯ ಕೈಗೆ ಕೊಟ್ಟೆ. ಒಂದೇ ಬೋಲ್ಟು. ಹಳೆಯ ಸೆನ್ಸಾರ್ ಕಿತ್ತೆ. ಅದು ಕೂರುವ ತೂತಿನ ತುಕ್ಕು ಉಜ್ಜಿದೆ. ಹೊಸದನ್ನು ಕೂರಿಸಿ ವೈರನ್ನು ಅದರದ್ದೇ ಕ್ಲಿಪ್ಪುಗಳಲ್ಲಿ ಹಾಯಿಸಿದೆ. ಸ್ಟೀರಿಂಗ್ ಪೂರ್ತಿ ಎಡಕ್ಕೆ. ಪೂರ್ತಿ ಬಲಕ್ಕೆ. ವೈರು ಆರಾಮವಾಗಿ ತೂಗಿತು. ಚಕ್ರ ಹಾಕಿ, ಸ್ಕ್ಯಾನರ್‌ನಲ್ಲಿ ಹಳೆಯ ದೂರನ್ನು ಅಳಿಸಿದೆ.

“ನಾನೇ ಓಡಿಸ್ತೀನಿ,” ಅಂದರು ರಾಜಶೇಖರ್.

ಕಟ್ಟೆಯ ಸುತ್ತ ಎಡಕ್ಕೆ ಮೂರು ಸುತ್ತು. ಗಿಡ್ಡಮ್ಮ ಕಣ್ಣು ಮುಚ್ಚಿಕೊಂಡರು. ಪರದೆಯಲ್ಲಿ ಸಾಕ್ಷಿಗಳು ಒಂದೇ ಮಾತಿಗೆ ನಿಂತವು. ಬ್ರೇಕ್ ಒತ್ತಿದರು. ಕಾರು ಕಲ್ಲಿನಂತೆ ನಿಂತಿತು. ಪೆಡಲ್ ತೆಪ್ಪಗಿತ್ತು. ದೀಪ ಆರಿತ್ತು.

ರಾಜಶೇಖರ್ ಇಳಿದರು. ಶರ್ಟಿನಿಂದ ಒಂದು ಹೂವು ಕಿತ್ತು ಎಸೆದರು. ಕೀಯನ್ನು ದೀಪಕ್‌ನ ಕೈಗೆ ಹಾಕಿದರು.

“ಹನ್ನೊಂದೂಕಾಲು. ಪಾರ್ಟಿ ಕಾಯ್ತಾರೆ. ಹೋಗು. ಅದಕ್ಕೂ ಮುಂಚೆ ನನ್ನ ಜೀಪು ಎಳೆದುಕೊಡು.”

ನಾನು ಗಿಡ್ಡಮ್ಮನನ್ನು ಕಾರಿನ ಮುಂದೆ ಕರೆದೆ. ಬಂಪರ್ ಕೆಳಗಿನ ಕೊಂಡಿ ತೋರಿಸಿದೆ. “ಇಲ್ಲಿ ಎಷ್ಟು ಸುತ್ತಾದ್ರೂ ಬಿಗೀರಿ. ಇದು ತಿರುಗಲ್ಲ.”

ಅವರು ತಾಯತ ಕಟ್ಟಿದರು. ಕೈ ಮುಗಿದರು. ಆಮೇಲೆ ನನ್ನ ಬಲಗೈ ಹಿಡಿದು, ಉಳಿದ ದಾರವನ್ನು ಮಣಿಕಟ್ಟಿಗೆ ಸುತ್ತಲು ಶುರುಮಾಡಿದರು. “ನನ್ನ ಹೆಸರು ಯೋಳ್ಲಿಲ್ಲ ನೀನು. ನಿಂಗೂ ದೃಷ್ಟಿ ಆಗ್ಬಾರ್ದು ಕಣಪ್ಪ.”

ಒಂದು ಸುತ್ತು. ಎರಡು ಸುತ್ತು. ಮೂರನೆಯದಕ್ಕೆ ಎಳೆದು ಗಂಟು ಹಾಕಲು ಹೊರಟರು.

“ಸಡಿಲ ಇರ್ಲಿ ಅಜ್ಜಿ,” ಅಂದೆ. “ಈ ಕೈ ಎಡಕ್ಕೂ ತಿರುಗ್ಬೇಕು.”