ಪಂಪಿನ ಮುಚ್ಚಳದ ಕುಂಕುಮ

2024ರ ಅಕ್ಟೋಬರ್ 12, ಶನಿವಾರ. ಬೆಳಿಗ್ಗೆ ಎಂಟರ ಸುಮಾರಿಗೆ ಸ್ಯಾನ್ ಡಿಯಾಗೋದ ಬೇ ಮೊರೇನಾ ಪಾಲಿಟೆಕ್ನಿಕ್ ಕಾಲೇಜಿನ ಕ್ಯಾಂಪಸ್ ಪೊಲೀಸ್ ಠಾಣೆಗೆ ಒಂದೇ ವಿಷಯದ ಮೇಲೆ ಎರಡು ದೂರು ಬಂದವು. ಮೊದಲನೆಯದು ಫೋನಿನಲ್ಲಿ, ಡೀನ್ ವಿಟ್ಲೊ ಅವರಿಂದ. ಕಡಲಜೀವಿಗಳ ಲ್ಯಾಬಿನಲ್ಲಿ ರಾತ್ರಿಯೆಲ್ಲ ಪಂಪ್ ನಿಂತು ತೊಟ್ಟಿಯ ಅಬಲೋನಿಗಳು ಸತ್ತಿವೆ, ಇದು ಸಿಬ್ಬಂದಿಯ ಅಜಾಗರೂಕತೆ, ಅನುದಾನ ಕೊಟ್ಟವರಿಗೆ ಕಳಿಸಲು ಒಂದು ರಿಪೋರ್ಟ್ ಬೇಕು, ಅಷ್ಟೇ ಎಂದರು. ಎರಡನೆಯ ದೂರು ತಾನೇ ನಡೆದುಕೊಂಡು ಬಂತು. ಮೊಣಕೈವರೆಗೆ ಒದ್ದೆಯಾದ ಸ್ವೆಟರ್ ತೊಟ್ಟ ಹುಡುಗಿಯೊಬ್ಬಳು ಒಳಗೆ ಬಂದು ನಿಂತಳು. ಅವಳ ಜೊತೆಗೇ ಬಂದ ಕೊಳೆತ ವಾಸನೆಗೆ ಮುಂದಿನ ಮೇಜಿನಲ್ಲಿದ್ದ ಆಫೀಸರ್ ರೂಯಿಸ್ ಕಾಫಿ ಲೋಟವನ್ನು ಬದಿಗಿಟ್ಟ.

ಒಳಗಿನಿಂದ ಬಂದ ಡಿಟೆಕ್ಟಿವ್ ಗಗನಾಳ ಎದೆಪಟ್ಟಿಯ ಹೆಸರು ಓದಿ ಹುಡುಗಿ ಇಂಗ್ಲಿಷ್ ಬಿಟ್ಟು ಕನ್ನಡಕ್ಕಿಳಿದಳು.

"ನಾ ಪಂಪ್ ಬಂದ್ ಮಾಡಿಲ್ರೀ ಮೇಡಂ. ಯಾರೋ ಬೇಕಂತ ಮಾಡ್ಯಾರ. ನನ್ನ ಕಂಪ್ಲೇಂಟ್ ಬರಕೊಳ್ರಿ."

ಗಗನಾ ಹತ್ತು ವರ್ಷದವಳಿದ್ದಾಗ ದಾವಣಗೆರೆಯಿಂದ ಬಂದು ರಾಂಚೊ ಬರ್ನಾರ್ಡೊದಲ್ಲಿ ಬೆಳೆದವಳು. ಟೆಲಿಕಾಂ ಇಂಜಿನಿಯರರ ಮಗಳು ಪೊಲೀಸ್ ಕೆಲಸಕ್ಕೆ ಸೇರಿದಳಲ್ಲ ಎಂದು ಕನ್ನಡ ಸಂಘದವರು ಬಹಳ ದಿನ ಮಾತಾಡಿಕೊಂಡಿದ್ದರು. ಅವಳು ಹುಡುಗಿಯನ್ನು ಕೂರಿಸಿ ಹೇಳಿಕೆ ಬರೆದುಕೊಂಡಳು. ಹೆಸರು ತುಳಸಿ, ಊರು ಗದಗ. ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿ, ಈಗ ಇಲ್ಲಿ ರಿಸರ್ಚ್ ಅಸೋಸಿಯೇಟ್. ಅಬಲೋನಿ ಎಂದರೆ ಕಿವಿಯಂಥ ಚಿಪ್ಪಿನ ಸಮುದ್ರದ ಬಸವನಹುಳು. ಈ ಕರಾವಳಿಯಲ್ಲಿ ಅದು ಹೆಚ್ಚುಕಡಿಮೆ ಅಳಿದೇಹೋಗಿದೆ. ತೊಟ್ಟಿಯಲ್ಲಿ ಮೊಟ್ಟೆಯಿಂದ ಬೆಳೆಸಿ ಮತ್ತೆ ಕಡಲಿಗೆ ಬಿಡುವುದು ಅವಳ ಕೆಲಸ. ಬರುವ ತಿಂಗಳು ಮೊದಲ ತಂಡವನ್ನು ಬಿಡುವುದಿತ್ತು. ಅಜಾಗರೂಕತೆ ಎಂದು ಬರೆದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ವೀಸಾವೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಾಕಿದವಳೇ ಕೊಂದಳು ಎಂಬ ಮಾತು ಈ ವಿದ್ಯೆಯಲ್ಲಿ ಎಲ್ಲಿ ಹೋದರೂ ಅವಳಿಗಿಂತ ಮುಂಚೆ ಹೋಗಿ ಕೂತಿರುತ್ತದೆ.

ನಮ್ಮ ಕಡೆ ಎಫ್‌ಐಆರ್ ಎನ್ನುವುದಕ್ಕೆ ಇಲ್ಲಿ ಇನ್ಸಿಡೆಂಟ್ ರಿಪೋರ್ಟ್ ಎನ್ನುತ್ತಾರೆ. ಗಗನಾ ಒಂದರ ಬದಲು ಎರಡು ದಾಖಲು ಮಾಡಿದಳು. ಡೀನ್ ಹೇಳಿದ್ದು ಒಂದು, ತುಳಸಿ ಹೇಳಿದ್ದು ಇನ್ನೊಂದು.

ಒಂಬತ್ತೂವರೆಗೆ ಸ್ಥಳದ ಪಂಚನಾಮೆ ಶುರುವಾಯಿತು. ಬಾಗಿಲು ತೆಗೆದ ಕೂಡಲೇ ರೂಯಿಸ್ ಹೊರಗೆ ಓಡಿ, ಗೋಡೆ ಹಿಡಿದು ನಿಂತು, ಸುಧಾರಿಸಿಕೊಂಡು ಮತ್ತೆ ಬಂದ. ನೀರು ಹಾಲು ಒಡೆದಂತೆ ಬಿಳಿಚಿಕೊಂಡಿತ್ತು. ಮೇಲೆ ಲೋಳೆಯ ನೊರೆ. ಉಸಿರು ಸಿಗದೆ ಹೋದಾಗ ಅಷ್ಟೂ ಜೀವಗಳು ತೊಟ್ಟಿಯ ಗೋಡೆ ಹಿಡಿದು ನೀರಿನ ಮಟ್ಟದವರೆಗೆ ಹತ್ತಿದ್ದವು. ಒಂದರ ಬೆನ್ನ ಮೇಲೊಂದು, ಅದರ ಮೇಲೆ ಮತ್ತೊಂದು, ಅಲ್ಲೇ ಅಂಟಿಕೊಂಡು ಸತ್ತಿದ್ದವು. ಕೆಲವು ಕಳಚಿ ಬಿದ್ದು, ಚಿಪ್ಪಿನಿಂದ ಮಾಂಸ ಕೀವಿನಂತೆ ಇಳಿದಿತ್ತು. ಗಗನಾ ಮನುಷ್ಯರ ಹೆಣ ಕಂಡವಳು. ಆದರೂ ಇಲ್ಲಿ ಮೂಗಿಗೆ ತೋಳು ಒತ್ತಿಕೊಂಡು ಮುಂದೆ ಹೋದಳು.

ಗೋಡೆಯ ಮೇಲೆ ಪಂಪಿನ ಪ್ಯಾನೆಲ್. ಅದಕ್ಕೆ ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳದ ಮೇಲೆ ಕುಂಕುಮ. ಹಿಂದಿನ ದಿನ ಆಯುಧ ಪೂಜೆಯಾಗಿತ್ತು. ಮುಚ್ಚಳ ಎತ್ತಿ ನೋಡಿದರೆ ಪಂಪಿನ ಸ್ವಿಚ್ ಕೆಳಗಿತ್ತು, ಅಲಾರ್ಮಿನ ಸದ್ದನ್ನೂ ಅಡಗಿಸಲಾಗಿತ್ತು. ಹಿತ್ತಿಲ ಗೇಟಿಗೆ ಬೀಗವೂ ಇಲ್ಲ, ಕ್ಯಾಮೆರಾವೂ ಇಲ್ಲ. ರೂಯಿಸ್ ಎಲ್ಲದರ ಫೋಟೊ ತೆಗೆದ. ಕುಂಕುಮದ ಅಂಚಿನಲ್ಲಿ ಬೆರಳ ಗುರುತು ಕಂಡು, ಅಳತೆಪಟ್ಟಿ ಇಟ್ಟು ಅದನ್ನೂ ಹತ್ತಿರದಿಂದ ತೆಗೆದ, ಮುಚ್ಚಳವನ್ನೇ ಬಿಚ್ಚಿ ಚೀಲಕ್ಕೆ ಹಾಕಿದ. ಪೂಜೆ ಮಾಡಿದವಳ ಬೆರಳೇ ಇರಬೇಕು ಎಂದು ಇಬ್ಬರೂ ಅಂದುಕೊಂಡರು.

ಇವರು ಹೊರಗೆ ಬರುವ ಹೊತ್ತಿಗೆ ಕಾಲೇಜಿನವರೆಲ್ಲರ ಫೋನಿಗೆ 'ಸ್ಟಾಫ್ ನ್ಯೂಸ್' ವಿಶೇಷ ಸಂಚಿಕೆ ಬಂದಿತ್ತು. ಸಿಬ್ಬಂದಿಯ ಬಡ್ತಿ, ಬಹುಮಾನ, ಮಗು ಹುಟ್ಟಿದ್ದು, ನಿವೃತ್ತಿ, ಇಂಥವನ್ನು ತಿಂಗಳಿಗೊಮ್ಮೆ ಹಂಚುವ ಪತ್ರಿಕೆ ಅದು. ತಯಾರಿಸುವವರು ಸಂಶೋಧನಾ ಬೆಂಬಲ ವಿಭಾಗದ ಡೈರೆಕ್ಟರ್ ವೆಂಕಟಾಚಲ. ಈ ಸಂಚಿಕೆಯಲ್ಲಿ ಒಂದೇ ಸುದ್ದಿ. ಸಾಂಸ್ಕೃತಿಕ ಆಚರಣೆಯೊಂದರ ನಡುವೆ ನಮ್ಮ ಕಿರಿಯ ಸಹೋದ್ಯೋಗಿಯಿಂದ ಒಂದು ಮರೆವು ಸಂಭವಿಸಿದೆ, ಎಲ್ಲರೂ ಆಕೆಗೆ ಸಹಾನುಭೂತಿ ತೋರಬೇಕು, ಎಂದು. ಪಕ್ಕದಲ್ಲಿ ತುಳಸಿಯ ನಗುವ ಫೋಟೊ.

ವೆಂಕಟಾಚಲರು ಅಂಗಳದಲ್ಲೇ ಸಿಕ್ಕರು. ಕನ್ನಡ ಸಂಘದಲ್ಲಿ ಗಗನಾಳ ಮನೆಯವರಿಗೆಲ್ಲ ಪರಿಚಯದವರು. ಕೈಯಲ್ಲಿ ಟಿಫನ್ ಡಬ್ಬಿ. ತುಳಸಿಗೆ ಮೊಸರನ್ನ ತಂದಿದ್ದೇನೆ, ಬೆಳಗ್ಗಿಂದ ಏನೂ ತಿಂದಿರಲಿಕ್ಕಿಲ್ಲ ಎಂದರು. ಗಗನಾಳ ತಂದೆಯ ಮೊಣಕಾಲು ನೋವು ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿದರು.

"ನಿನಗೆ ಗೊತ್ತಲ್ಲಮ್ಮ, ಆಯುಧ ಪೂಜೆ ದಿನ ನಮ್ಮಲ್ಲಿ ಮೆಷಿನ್ ಓಡಿಸೋಲ್ಲ. ಹುಡುಗಿ ಆಫ್ ಮಾಡಿ ಕುಂಕುಮ ಇಟ್ಟಿದಾಳೆ, ಮರೆತಿದಾಳೆ. ಮುಚ್ಚಳದ ಮೇಲೆ ಕುಂಕುಮ ಹಾಗೇ ಇದೆ ನೋಡು. ಅಂದ್ರೆ ಆಮೇಲೆ ಅದನ್ನ ಯಾರೂ ತೆಗೆದಿಲ್ಲ. ಡೀನ್‌ಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ? ನಾನೇ ಬಿಡಿಸಿ ಹೇಳಿದೆ."

"ನೀವು ಹೇಳಿದ್ದು ಸರಿ ಅಂಕಲ್," ಎಂದಳು ಗಗನಾ.

ನಿಜಕ್ಕೂ ಸರಿ ಎನ್ನಿಸಿತ್ತು. ಅವಳ ಅಪ್ಪ ಪ್ರತಿ ವರ್ಷ ಡ್ರಿಲ್, ಸ್ಕ್ರೂಡ್ರೈವರ್, ಎರಡು ಕಾರು, ಎಲ್ಲಕ್ಕೂ ಕುಂಕುಮ ಇಟ್ಟು, ಆ ದಿನ ಕಾರಿನ ಕೀಲಿಯನ್ನೇ ಬಚ್ಚಿಡುವವರು. ತುಳಸಿಯನ್ನು ಮತ್ತೆ ಕೇಳಿದ್ದಕ್ಕೆ, ಪಂಪಿಗೆ ರಜಾ ಇಲ್ಲರೀ, ಅದು ನಿಂತರ ಅವು ಸಾಯ್ತಾವು, ಓಡೂ ಪಂಪಿಗೇ ಪೂಜಿ ಮಾಡೀನಿ ಎಂದು ಹೇಳಿದ್ದನ್ನೇ ಹೇಳಿದಳು. ಅದಕ್ಕೆ ಸಾಕ್ಷಿ ಏನಿದೆ ಎಂದರೆ ಇಲ್ಲ. ಅಲ್ಲಿದ್ದವಳು ಅವಳೊಬ್ಬಳೇ. ಬೆಳಿಗ್ಗೆ ಪ್ಯಾನೆಲ್ ಕಡೆ ನೋಡದೆ ತೊಟ್ಟಿಗೆ ಓಡಿ, ಸತ್ತ ಕೆಲವನ್ನು ಎರಡೂ ಕೈಯಲ್ಲಿ ಎತ್ತಿ ಹಾಕುವಾಗ ಜೇಬಿನ ಫೋನ್ ತೊಟ್ಟಿಗೆ ಬಿದ್ದು ಕೆಟ್ಟುಹೋಗಿತ್ತು.

ಸೋಮವಾರ ಕಾಲೇಜು ತುಳಸಿಗೆ ನೋಟಿಸ್ ಕೊಟ್ಟಿತು. ಶುಕ್ರವಾರದೊಳಗೆ ತಾನಾಗಿ ರಾಜೀನಾಮೆ ಕೊಡಬೇಕು, ಇಲ್ಲದಿದ್ದರೆ ತೆಗೆದುಹಾಕಲಾಗುವುದು. ಇನ್ನೇನಿದೆ, ಫೈಲ್ ಮುಚ್ಚೋಣ ಎಂದ ರೂಯಿಸ್. ಮುಚ್ಚುವ ಮೊದಲು ಇನ್ನೊಂದು ಸಲ ಕೇಳಿಬರೋಣ ಎಂದು ಗಗನಾ ಅವನನ್ನೂ ಕರೆದುಕೊಂಡು ಸಂಜೆ ಆರಕ್ಕೆ ತುಳಸಿಯ ಬಾಡಿಗೆ ಕೋಣೆಗೆ ಹೋದಳು. ಲಾ ಹೋಯಾದ ಹತ್ತಿರ, ಮೂವರು ಹಂಚಿಕೊಂಡ ಮನೆ. ಸೂಟ್‌ಕೇಸ್ ಅರ್ಧ ತುಂಬಿತ್ತು.

"ಪೂಜೆ ಹೆಂಗೆ ಮಾಡಿದ್ರಿ, ಮೊದಲಿನಿಂದ ಹೇಳಿ."

"ಹೆಂಗಂದ್ರ? ಒದ್ದಿ ಬಟ್ಟೀಲೆ ಒರಿಸಿದೆ. ಮೂರು ಬೆರಳಿಲೆ ವಿಭೂತಿ ಎಳದೆ. ನಡುವ ಒಂದು ಕುಂಕುಮದ ಬಟ್ಟು. ಊದಿನಕಡ್ಡಿ ಹಚ್ಚಲಿಲ್ಲ, ಹೊಗಿ ಅಲಾರ್ಮ್ ಐತಿ."

"ಅರಿಶಿನ?"

"ಯಂತ್ರಕ್ಕ ನಾವ್ ಅರಿಷಿಣ ಹಚ್ಚೂದಿಲ್ರೀ."

ಗಗನಾ ತನ್ನ ಫೋನಿನಲ್ಲಿದ್ದ ಪಂಚನಾಮೆಯ ಫೋಟೊ ತೆಗೆದಳು. ಮೂರು ದಿನದಿಂದ ಅದನ್ನು ಎಷ್ಟು ಸಲ ನೋಡಿದ್ದಳೋ. ಕೆಳಗೆ ಅರಿಶಿನದ ಬೊಟ್ಟು, ಮೇಲೆ ಕುಂಕುಮ, ಅದಕ್ಕೆ ಅಂಟಿದ ಒಂದು ಕಾಳು ಅಕ್ಷತೆ. ಅವಳ ಮನೆಯಲ್ಲೂ ಹಾಗೇ ಇಡುವುದರಿಂದ ಅದರಲ್ಲಿ ಕೇಳುವಂಥದ್ದೇನೂ ಅವಳಿಗೆ ಕಂಡಿರಲಿಲ್ಲ. ವಿಭೂತಿಯ ಒಂದು ಗೆರೆಯೂ ಅಲ್ಲಿರಲಿಲ್ಲ. ಫೋಟೊವನ್ನು ತುಳಸಿಯ ಮುಂದೆ ಹಿಡಿದಳು. ತುಳಸಿ ಅದನ್ನು ದೊಡ್ಡದು ಮಾಡಿ ನೋಡಿದಳು.

"ಇದು ನನ್ನ ಕೈದಲ್ಲ," ಎಂದಳು. ಆಗಲೇ ನೆನಪಾಗಿ, "ಪೂಜಿ ಮುಗಿದ ಮ್ಯಾಲೆ ಅವ್ವಗ ಫೋಟೊ ಕಳಿಸಿದ್ದೆ. ಆಕಿ ಫೋನಿನಾಗ ಇರಬೇಕು."

ಗದಗಿನಲ್ಲಿ ಆಗ ಮಂಗಳವಾರದ ಬೆಳಗು. ತುಳಸಿಯ ತಾಯಿ ಸಾವಿತ್ರವ್ವನಿಗೆ ಗಗನಾಳ ಫೋನಿನಿಂದಲೇ ಕರೆ ಹೋಯಿತು. ಪೊಲೀಸರು ಎಂದಿದ್ದಕ್ಕೆ ಆಕೆ ಮೊದಲು ಕೇಳಿದ್ದು ಮಗಳು ಉಂಡಳೋ ಇಲ್ಲವೋ ಎಂದು. ಆಮೇಲೆ ಫೋಟೊ ಕಳಿಸುವುದು ಹೇಗೆಂದು ಪಕ್ಕದ ಮನೆಯವರನ್ನು ಕೂಗಿದರು. ಐದು ನಿಮಿಷದಲ್ಲಿ ಫೋಟೊ ಬಂತು. ಮುಚ್ಚಳದ ಮೇಲೆ ಬಿಳಿಯ ಮೂರು ಗೆರೆ, ನಡುವೆ ಕುಂಕುಮ. ಕೆಳಗೆ ಪ್ಯಾನೆಲ್ಲಿನ ಹಸಿರು ದೀಪ ಉರಿಯುತ್ತಿತ್ತು. ಹಿಂದೆ ಕೊಳವೆಯಿಂದ ನೀರು ತೊಟ್ಟಿಗೆ ಧುಮುಕುತ್ತಿತ್ತು.

ಪೂಜೆಯ ನಂತರವೂ ಪಂಪ್ ಓಡಿತ್ತು. ಆಮೇಲೆ ಯಾರೋ ಮುಚ್ಚಳ ತೆಗೆದಿದ್ದರು. ವಿಭೂತಿ ಅಳಿಸಿದ್ದರು. ಆಮೇಲೆ ಮತ್ತೆ ಅರಿಶಿನ, ಕುಂಕುಮ ಇಟ್ಟಿದ್ದರು.

"ಕೊಂದವನು ಅಲಂಕಾರ ಯಾಕೆ ಮಾಡುತ್ತಾನೆ?" ರೂಯಿಸ್ ಕಾರಿನಲ್ಲಿ ಕೇಳಿದ.

"ಅಲಂಕಾರ ಅಲ್ಲ. ಅದು ಪೂಜೆ."

ಮುಚ್ಚಳದ ಮೇಲೆ ಕುಂಕುಮ ಹಾಗೇ ಇದೆ ನೋಡು ಎಂದು ಶನಿವಾರ ಅಂಗಳದಲ್ಲಿ ತೋರಿಸಿಕೊಟ್ಟವರು ಯಾರೆಂದು ಗಗನಾ ನೆನೆದಳು.

ಮಂಗಳವಾರ ಹತ್ತು ಗಂಟೆಗೆ, ಹಳೆಯ ಸಂಚಿಕೆಗಳು ಬೇಕು ಎಂಬ ನೆಪದಲ್ಲಿ ಅವಳು ಸಂಶೋಧನಾ ಬೆಂಬಲ ವಿಭಾಗಕ್ಕೆ ಹೋದಳು. ವೆಂಕಟಾಚಲರ ಕೋಣೆಯ ಪ್ರಿಂಟರ್, ಸ್ಕ್ಯಾನರ್, ಪೇಪರ್ ಕತ್ತರಿಸುವ ಯಂತ್ರ, ಮೂರರ ನೆತ್ತಿಯ ಮೇಲೂ ಕೆಳಗೆ ಅರಿಶಿನ, ಮೇಲೆ ಕುಂಕುಮ, ನಾಲ್ಕು ಕಾಳು ಅಕ್ಷತೆ. ಅವರು ಕಾಫಿ ಕೊಟ್ಟರು. ಪ್ರೊಫೆಸರ್‌ಗಳಿಗೆ ಅನುದಾನದ ಅರ್ಜಿ ಬರೆಯುವುದು ಬರುವುದಿಲ್ಲ, ಎಲ್ಲವನ್ನೂ ನಾನೇ ಬರೆದುಕೊಡಬೇಕು ಎಂದು ನಕ್ಕರು. ತುಳಸಿಗೆ ಗುರುವಾರ ಬೀಳ್ಕೊಡುಗೆ ಇಟ್ಟುಕೊಂಡಿದ್ದೇವೆ, ನೀನೂ ಬಾ ಎಂದರು.

ಕ್ಯಾಲಿಫೋರ್ನಿಯಾದಲ್ಲಿ ಕಾಲೇಜಿನ ಕೆಲಸಕ್ಕೆ ಸೇರುವವರ ಬೆರಳಚ್ಚು ಮೊದಲೇ ತೆಗೆದಿರುತ್ತಾರೆ. ಮುಚ್ಚಳದ ಗುರುತನ್ನು ಹೋಲಿಸಿದ ವರದಿ ಬುಧವಾರ ಬೆಳಿಗ್ಗೆ ಬಂತು. ಹಸಿ ಅರಿಶಿನದಲ್ಲಿ ಉಳಿದದ್ದು ವೆಂಕಟಾಚಲರ ಬಲಗೈ ಉಂಗುರದ ಬೆರಳು. ವಾರಂಟ್ ಸಿಕ್ಕಿತು. ಆ ದಿನ ಅವರು ರಜೆಯಲ್ಲಿದ್ದರು, ಲಾಸ್ ಏಂಜಲೀಸ್ ಕಡೆ ಹೋಗಿದ್ದಾರೆ ಎಂದು ತಿಳಿಯಿತು.

ಸಂಜೆ ಐದಕ್ಕೆ ಲಾಸ್ ಏಂಜಲೀಸ್ ಬಳಿಯ ಆರ್ಟೀಸಿಯಾದಲ್ಲಿ, ಭಾರತೀಯ ಅಂಗಡಿಗಳ ಬೀದಿಯಾದ ಪಯೋನಿಯರ್ ಬುಲೆವಾರ್ಡಿನಲ್ಲಿ, ಸಿಹಿತಿಂಡಿ ಅಂಗಡಿಯ ಹಿಂದಿನ ಪಾರ್ಕಿಂಗ್‌ನಲ್ಲಿ ಅವರು ಸಿಕ್ಕರು. ಗಗನಾ, ರೂಯಿಸ್ ಜೊತೆಗೆ ಅಲ್ಲಿಯ ಶೆರಿಫ್ ಇಲಾಖೆಯ ಇಬ್ಬರು ಪೊಲೀಸರಿದ್ದರು. ವೆಂಕಟಾಚಲರ ಎರಡು ಕೈಯಲ್ಲೂ ಡಬ್ಬಿಗಳು.

"ಇದೇನು ಅಂಕಲ್?"

"ಮೈಸೂರು ಪಾಕ್. ನಾಳೆ ತುಳಸಿ ಫೇರ್‌ವೆಲ್ ಅಲ್ವಾ. ನಮ್ಮ ಕಡೆ ಹುಡುಗಿ, ಬರಿಗೈಲಿ ಕಳಿಸೋಕಾಗುತ್ತಾ?"

ರೂಯಿಸ್ ಡಬ್ಬಿಗಳನ್ನು ತೆಗೆದುಕೊಂಡು ಕಾರಿನ ಬಾನೆಟ್ಟಿನ ಮೇಲಿಟ್ಟ. ಗಗನಾ ಅವರ ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದಳು. ಕೈಗೆ ಬೇಡಿ ಹಾಕುವಾಗ ಸೀರೆ ಅಂಗಡಿಯ ಮೆಟ್ಟಿಲಲ್ಲಿ ನಿಂತಿದ್ದ ಹೆಂಗಸರು ಒಳಗೆ ಸರಿದರು.

ಠಾಣೆಯಲ್ಲಿ ವೆಂಕಟಾಚಲರು, ವಕೀಲರು ಬೇಡ, ತಪ್ಪು ತಿಳುವಳಿಕೆ ಅಷ್ಟೇ, ಬಿಡಿಸಿ ಹೇಳುತ್ತೇನೆ ಎಂದರು. ರೂಯಿಸ್ ರೆಕಾರ್ಡರ್ ಹಾಕಿದ.

"ಶುಕ್ರವಾರ ಸಂಜೆ ಲ್ಯಾಬಿಗೆ ಯಾಕೆ ಹೋದ್ರಿ?"

"ಹೋಗಿಲ್ಲ."

"ಮುಚ್ಚಳದ ಅರಿಶಿನದಲ್ಲಿ ನಿಮ್ಮ ಬೆರಳಿದೆ."

ಗಗನಾ ಸಾವಿತ್ರವ್ವ ಕಳಿಸಿದ ಫೋಟೊವನ್ನು ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ವಿಭೂತಿನಾ?" ಎಂದರು. "ಮುಚ್ಚಳ ಎತ್ತೋವಾಗ ಕೈಗೆ ಏನೋ ಮೆತ್ತಿಕೊಳ್ತು. ಕರ್ಚೀಫಲ್ಲಿ ಒರೆಸಿದೆ. ಖಾಲಿ ಬಿಟ್ರೆ ಗೊತ್ತಾಗುತ್ತಲ್ಲ. ನನ್ನ ರೂಮಿಂದ ಬಟ್ಟಲು ತಂದೆ. ಆಯುಧ ಪೂಜೆಗೆ ಇನ್ನೇನು ಇಟ್ಟಿರ್ತಾಳೆ, ಎಲ್ಲರೂ ಇಡೋದು ಇದೇ ತಾನೇ ಅಂದ್ಕೊಂಡೆ."

"ಅವು ಸಾಯ್ತವೆ ಅಂತ ಗೊತ್ತಿತ್ತಾ?"

"ಎಲ್ಲಾ ಸಾಯ್ಲಿ ಅಂತಿರಲಿಲ್ಲಮ್ಮ. ಸ್ವಲ್ಪ ಸಾಯ್ಲಿ ಅಂತಿತ್ತು."

ಗಗನಾ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಯಾಕೆ ಎಂದು ಕೇಳಿದಳು.

ಕಾರಣವನ್ನು ಅವರು ತಡವರಿಸದೆ ಹೇಳಿದರು. ಇಪ್ಪತ್ತು ವರ್ಷ ಬಿಳಿಯ ಪ್ರೊಫೆಸರ್‌ಗಳಿಗೆ ಅರ್ಜಿ ಬರೆದುಕೊಟ್ಟಿದ್ದರು. ಆ ಪ್ರೊಫೆಸರ್‌ಗಳು ಎಲ್ಲೂ ಇವರ ಹೆಸರು ಹೇಳದಿದ್ದರೂ ನೋವಾಗಿರಲಿಲ್ಲ, ಅವರಿಂದ ನಿರೀಕ್ಷೆಯೇ ಇರಲಿಲ್ಲ. ತುಳಸಿ ಹಾಗಲ್ಲ. ವಿಮಾನ ನಿಲ್ದಾಣದಿಂದ ಕರೆತಂದದ್ದು ಇವರು, ಮೊದಲ ತಿಂಗಳು ಇವರ ಮನೆಯಲ್ಲೇ ಊಟ, ಅವಳ ಅರ್ಜಿಯನ್ನು ನಾಲ್ಕು ಸಲ ತಿದ್ದಿದವರೂ ಇವರೇ. ಆಗಸ್ಟಿನಲ್ಲಿ ಅಬಲೋನಿ ಯೋಜನೆಗೆ ಅನುದಾನ ಮುಂದುವರಿಯಿತು, ಅದರ ಮುಖ್ಯಸ್ಥೆಯ ಸ್ಥಾನ ಅವಳಿಗೆ ಸಿಕ್ಕಿತು. ಸ್ಟಾಫ್ ನ್ಯೂಸಿಗೆ ಅವಳು ಬರೆದುಕೊಟ್ಟ ನಾಲ್ಕು ಸಾಲಿನಲ್ಲಿ 'ಸಂಶೋಧನಾ ಬೆಂಬಲ ವಿಭಾಗಕ್ಕೆ ವಂದನೆಗಳು' ಎಂದಿತ್ತು. ವೆಂಕಟಾಚಲ ಎಂದಿರಲಿಲ್ಲ.

"ಪತ್ರಿಕೆ ಮಾಡೋರು ನೀವೇ. ನೀವೇ ಸೇರಿಸಿಕೊಳ್ಳಬಹುದಿತ್ತಲ್ಲ?"

"ನಾನೇ ಬರ್ಕೊಂಡ್ರೆ ಏನು ಬಂತು?" ಅವರ ದನಿಯಲ್ಲಿ ಮೊದಲ ಸಲ ಸಿಟ್ಟು ಕಂಡಿತು. "ಅವಳಿಗೆ ತೋಚಬೇಕಿತ್ತು. ಎರಡು ತಿಂಗಳು ಕಾದೆ."

ಗುರುವಾರ ಬೆಳಿಗ್ಗೆ ಡೀನ್ ವಿಟ್ಲೊ ನೋಟಿಸನ್ನು ಹಿಂದಕ್ಕೆ ತೆಗೆದುಕೊಂಡರು. ನಡೆದದ್ದನ್ನು ಸ್ಟಾಫ್ ನ್ಯೂಸಿನಲ್ಲಿ ಹಾಕಿ ಕ್ಷಮೆ ಕೇಳುತ್ತೇವೆ ಎಂದದ್ದಕ್ಕೆ ತುಳಸಿ, ಫೋಟೊ ಹಾಕಬೇಡಿ ಎಂದಷ್ಟೇ ಹೇಳಿದಳಂತೆ. ಪಕ್ಕದ ಕೋಣೆಯ ಸಣ್ಣ ತೊಟ್ಟಿಯೊಂದು ಬೇರೆ ಪಂಪಿನಲ್ಲಿತ್ತು. ಅದರಲ್ಲಿದ್ದ ಉಗುರಿನಷ್ಟು ದೊಡ್ಡ ಮರಿಗಳು ಬದುಕಿದ್ದವು. ಅವು ಕಡಲಿಗೆ ಹೋಗುವಷ್ಟಾಗಲು ವರ್ಷಗಳೇ ಬೇಕು. ಅವಳು ಸೂಟ್‌ಕೇಸ್ ಬಿಚ್ಚದೆ ಅದನ್ನು ಹಾಗೇ ದಾಟಿಕೊಂಡು ಲ್ಯಾಬಿಗೆ ಹೋದಳೆಂದು ರೂಯಿಸ್ ಬಂದು ಹೇಳಿದ.

ಅದೇ ದಿನ ವೆಂಕಟಾಚಲರನ್ನು ಕೌಂಟಿ ಜೈಲಿಗೆ ಕಳಿಸುವ ಮುಂಚೆ ರೂಯಿಸ್ ಅವರ ಹೇಳಿಕೆಯನ್ನು ಟೈಪ್ ಮಾಡಿ ಸಹಿಗೆ ಮುಂದಿಟ್ಟ. ಅವರು ಆತುರಪಡದೆ ಪ್ರತಿ ಹಾಳೆ ಓದಿದರು. ಪಂಪ್ ನಿಲ್ಲಿಸಿದ್ದು, ಅಲಾರ್ಮ್ ಅಡಗಿಸಿದ್ದು, ತುಳಸಿಯ ಮೇಲೆ ಹೊರಿಸಿದ್ದು, ಯಾವುದಕ್ಕೂ ತಕರಾರು ಮಾಡಲಿಲ್ಲ. ಕೊನೆಗೆ ಮೊದಲ ಹಾಳೆಗೆ ಮರಳಿ, ತಮ್ಮ ಹೆಸರಿನ ಮುಂದೆ ಬೆರಳಿಟ್ಟರು.

"ಇಲ್ಲಿ ಬರೀ 'ಕಾಲೇಜು ಸಿಬ್ಬಂದಿ' ಅಂತ ಹಾಕಿದಾರೆ. ಡೈರೆಕ್ಟರ್ ಅಂತಾಗಬೇಕು."

ರೂಯಿಸ್ ಗಗನಾಳ ಮುಖ ನೋಡಿದ. ಅವಳು ಪೆನ್ನು ತೆಗೆದು, ಎರಡು ಪದ ಹೊಡೆದುಹಾಕಿ, ಮೇಲೆ ತಿದ್ದಿ ಬರೆದು, ಹಾಳೆಯನ್ನು ಅವರ ಕಡೆ ತಳ್ಳಿದಳು. ಅವರು ಇನ್ನೊಮ್ಮೆ ಓದಿ, ಥ್ಯಾಂಕ್ಸ್ ಹೇಳಿ, ಸಹಿ ಹಾಕಿದರು.