ಕೆಂಚವ್ವನ ಹರಿಗೋಲು, ತವರಿನ ತಂಬಿಗೆ

ಬಹಳ ಹಿಂದೆ, ಆಮೆಗಳೂ ಬಾಯಿಬಿಟ್ಟು ಮಾತಾಡುತ್ತಿದ್ದ ಕಾಲದಲ್ಲಿ, ಗುಡ್ಡಗಳ ನಡುವಿನ ಒಂದು ರಾಜ್ಯದಲ್ಲಿ ಮೂರು ಕೆರೆಗಳಿದ್ದವು: ಮೂಡಗೆರೆ, ನಡುಗೆರೆ, ಪಡುಗೆರೆ. ಒಂದರ ನೀರು ಇನ್ನೊಂದಕ್ಕೆ ಹರಿಯುತ್ತಿರಲಿಲ್ಲ. ಆದರೂ ಮೂರೂ ಅಕ್ಕತಂಗಿಯರೆಂದು ಜನ ನಂಬಿದ್ದರು. ಅದಕ್ಕೇ ಒಂದು ಕೆರೆಯವರು ಇನ್ನೊಂದಕ್ಕೆ ಹೋಗುವಾಗ ತವರಿನ ನೀರೆಂದು ಒಂದು ತಂಬಿಗೆ ಒಯ್ದು ಸುರಿಯುತ್ತಿದ್ದರು.

ಜಿಗುಟನೆಂಬ ಮಾಂತ್ರಿಕ ರಾಜನ ಮೇಲೆ ಹಲ್ಲು ಮಸೆದು, ಮೂಡಗೆರೆಗೆ ಒಂದು ಪಟ್ಟೆಪಟ್ಟೆ ಕಪ್ಪೆಚಿಪ್ಪು ಎಸೆದ. ಒಂದಿದ್ದದ್ದು ನೂರಾಯಿತು, ನೂರು ಸಾವಿರವಾಯಿತು. ತೂಬು ಕಟ್ಟಿಕೊಂಡಿತು, ಮೀನು ಹಸಿದು ಸತ್ತವು, ನೀರಿಗಿಳಿದವರ ಅಂಗಾಲನ್ನು ಚಿಪ್ಪುಗಳು ಕುಯ್ದವು. ಆಮೇಲೆ ನಡುಗೆರೆಗೂ ಅದೇ ಗತಿ. ಚೊಕ್ಕವಾಗಿ ಉಳಿದದ್ದು ಪಡುಗೆರೆ ಒಂದೇ. ಇಡೀ ರಾಜ್ಯ ಅದರ ನೀರನ್ನೇ ಕುಡಿಯುತ್ತಿತ್ತು.

ಮೂಡಗೆರೆಯಲ್ಲಿ ಹರಿಗೋಲು ನಡೆಸುವ ಕೆಂಚವ್ವನ ಕೈ ಗಟ್ಟಿ, ಮಾತು ಖಾರ. ಅವಳ ತಂಗಿ ಪುಟ್ಟಸಿರಿಗೆ ಪಡುಗೆರೆಯಲ್ಲಿ ಮದುವೆ. ಅಕ್ಕನ ಹರಿಗೋಲಿನಲ್ಲೇ ಮದುಮಗಳು ಆ ಕೆರೆ ದಾಟಬೇಕು, ಇಲ್ಲದಿದ್ದರೆ ಧಾರೆಯಿಲ್ಲ. ದಿಬ್ಬಣ ಮುಂದೆ ಹೋಗಿತ್ತು. ಕೆಂಚವ್ವ ಹರಿಗೋಲು ಬೆನ್ನಿಗೇರಿಸುವಾಗ ಮುದಿ ಆಮೆ ಕತ್ತು ಚಾಚಿತು.

"ಮಗಳೇ, ಜಿಗುಟನಿಗೆ ಗುಡ್ಡ ದಾಟೋ ಶಕ್ತಿ ಇಲ್ಲ. ದಾಟಿಸೋರು ನೀವೇ. ಚಿಪ್ಪಿನ ಮರಿಗಳು ಕಣ್ಣಿಗೇ ಕಾಣಲ್ಲ, ಹನಿ ನೀರಿದ್ರೂ ಬದುಕ್ತವೆ. ಕೆರೆದು, ಬಸಿದು, ಒಣಗಿಸಿ ಹೋಗು."

"ಅಷ್ಟೇ ತಾನೇ ಅಜ್ಜ? ಬಿಡು, ನಾನಿದ್ದೀನಿ!"

ಅವಳು ಹರಿಗೋಲು ಬೋರಲು ಹಾಕಿ ಕೆರೆಯತೊಡಗಿದಳು. ಜಿಗುಟ ಕಳಿಸಿದ ಮಾಯದ ಕೊಕ್ಕರೆಯೊಂದು ಬಂದು, "ತಳ ಯಾರು ನೋಡ್ತಾರೆ ತಾಯಿ?" ಎಂದಿತು.

"ನಾನು ನೋಡ್ತೀನಿ ಕಣಪ್ಪ, ಸಾಲ್ದಾ?" ಎಂದು ಕೊನೆಯ ಚಿಪ್ಪನ್ನೂ ಕಿತ್ತಳು. ಕೊಕ್ಕರೆ ಬೂದಿಯಾಯಿತು.

ಹರಿಗೋಲಿನ ಬಿದಿರಿನ ಸಂದಿಯಲ್ಲಿ ನೀರು ನಿಂತಿತ್ತು. ಮಾಯದ ನರಿಯೊಂದು ಬಂದು, "ಇರಲಿ ಬಿಡು, ದಾರೀಲಿ ಬಾಯಾರುತ್ತೆ," ಎಂದಿತು.

"ನಿನಗೆ ಬಾಯಾರಿದ್ರೆ ಈಗಲೇ ಕುಡಿ!" ಎಂದು ಅದರ ತಲೆಯ ಮೇಲೇ ಬಗ್ಗಿಸಿದಳು. ನರಿ ಹೊಗೆಯಾಯಿತು.

ಇನ್ನು ಒಣಗಿಸುವುದು. ಬಂಡೆಯ ಮೇಲೆ ಬಿಸಿಲಿಗೊಡ್ಡಿ ಕಾದಳು, ಕಾದಳು. ಗುಡ್ಡದಾಚೆ ವಾಲಗ ಶುರುವಾಯಿತು. ಮಾಯದ ಹುಲಿಯೊಂದು ಬಂದು, "ಮುಹೂರ್ತ ಮೀರಿದರೆ ತಂಗಿ ಅಳ್ತಾಳೆ," ಎಂದಿತು.

ಈ ಮಾತು ಮಾತ್ರ ಕೆಂಚವ್ವನ ಕರುಳಿಗೆ ತಾಗಿತು. ಆದರೂ ಜಗ್ಗಲಿಲ್ಲ. "ಅಳಲಿ, ಸಮಾಧಾನ ಮಾಡ್ತೀನಿ. ಕೆರೆ ಕೆಟ್ರೆ ಯಾರಿಗೆ ಅಂತ ಸಮಾಧಾನ ಹೇಳಲಿ?" ತಟ್ಟಿದರೆ ತಮಟೆಯ ಹಾಗೆ ಸದ್ದು ಬರುವ ತನಕ ಹರಿಗೋಲಿನ ತೊಗಲು ಒಣಗಿಸಿಯೇ ಎದ್ದಳು. ಹುಲಿ ಹುಲ್ಲಾಯಿತು.

ಓಡೋಡಿ ಪಡುಗೆರೆ ಸೇರಿದಾಗ ಮುಹೂರ್ತಕ್ಕೆ ಇನ್ನೂ ತುಸು ಹೊತ್ತಿತ್ತು. ಮದುಮಗನ ತಾಯಿ ಸಿದ್ದಮ್ಮ ಆರತಿ ಎತ್ತಿ, "ತವರಿನ ನೀರೆಲ್ಲಮ್ಮ?" ಎಂದಳು.

ಕೆಂಚವ್ವ ಹೆಮ್ಮೆಯಿಂದ ಸೆರಗಿನ ಗಂಟು ಬಿಚ್ಚಿ ತಂಬಿಗೆ ತೆಗೆದಳು. ಕೆರೆಯ ಮೇಲೆ ಬಗ್ಗಿಸಬೇಕು, ಕೈ ಹಾಗೇ ನಿಂತಿತು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಇದೂ ಮೂಡಗೆರೆ ನೀರೇ ಅಲ್ವಾ!"

ಸಿದ್ದಮ್ಮನ ಮುಖ ಗಂಟಾಯಿತು. "ನೀರು ಸುರೀದೆ ಮದುವೆ ಇಲ್ಲ."

"ಸುರಿ ಅಕ್ಕ," ಎಂದು ಪುಟ್ಟಸಿರಿ ಕಣ್ಣೀರಿಟ್ಟಳು.

"ಸುರಿ, ಸುರಿ, ಬೇಗ ಸುರಿ!" ಎಂದಿತು ತಂಬಿಗೆ.

ಎಲ್ಲರೂ ಬೆಚ್ಚಿಬಿದ್ದರು. "ಓಹೋ, ನೀನಾ! ಸುರೀತೀನಿ ಬಾರಪ್ಪ," ಎಂದ ಕೆಂಚವ್ವ ಕೆರೆಗೆ ಬೆನ್ನುಹಾಕಿ ದೂರ ನಡೆದು, ಕಾದ ಬಂಡೆಯ ಮೇಲೆ ಸುರಿದಳು. ಚುಂಯ್ ಎಂದಿತು. ಗುಡ್ಡ ದಾಟಲೆಂದು ಸಾಸಿವೆಯಷ್ಟಾಗಿ ಆ ನೀರಲ್ಲಿ ಅಡಗಿದ್ದ ಜಿಗುಟ ಹೆಬ್ಬೆರಳಷ್ಟಾಗಿ, "ನೀರು! ನೀರು!" ಎಂದು ಕುಣಿಕುಣಿದು ಒಣಗಿಹೋದ. ಅದೇ ಗಳಿಗೆಯಲ್ಲಿ ಎರಡು ಕೆರೆಗಳ ಪಟ್ಟೆಚಿಪ್ಪುಗಳೂ ಬಾಯಿ ಬಿಟ್ಟು ಸತ್ತವು.

ಕಣ್ಣಾರೆ ಕಂಡ ಸಿದ್ದಮ್ಮ ತವರಿನ ನೀರಿಲ್ಲದೆಯೇ ಮದುವೆಗೆ ಒಪ್ಪಿದಳು. ಪುಟ್ಟಸಿರಿ ನಗುನಗುತ್ತಾ ಅಕ್ಕನ ಹರಿಗೋಲಿನಲ್ಲಿ ಕೆರೆ ದಾಟಿದಳು. ಜನ ಆ ಚಿಪ್ಪುಗಳನ್ನೆಲ್ಲ ಸುಟ್ಟು ಸುಣ್ಣ ಮಾಡಿ ಮನೆಮನೆಗೂ ಬಳಿದರು. ತೂಬು ತೆರೆದು ನೀರು ಹರಿಯಿತು, ಮೀನು ಬಂದವು, ರಾಜ್ಯ ಸುಖವಾಗಿತ್ತು. ಅಂದಿನಿಂದ ಆ ಸೀಮೆಯಲ್ಲಿ ಕೆರೆಗೆ ಬಂದವರು ಒಣಗಿದ ತಂಬಿಗೆಯನ್ನು ಬೋರಲು ಹಿಡಿದು ತೋರಿಸುವುದೇ ಮರ್ಯಾದೆ. ದಂಡೆಯಲ್ಲಿ ಕೂತು ಎಲ್ಲರ ಹರಿಗೋಲನ್ನೂ ತಟ್ಟಿ ನೋಡಿ ಒಳಗೆ ಬಿಡುತ್ತಿದ್ದವಳು ಯಾರು ಗೊತ್ತೇ? ಅದೇ ಸಿದ್ದಮ್ಮ!