ರೊಟ್ಟಿ ಕಟ್ಟಿದ ಇಳಕಲ್ ದಡಿ

ಫೆಬ್ರುವರಿ 11, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಮುಂಬೈ ವಡಾಲದ ಪೊಲೀಸ್ ಠಾಣೆಗೆ ಒಬ್ಬ ಅಪ್ಪ, ಒಬ್ಬ ಮಗ ಬಂದರು. ದೂರು ಅಪ್ಪನದು, ಮಾತೆಲ್ಲ ಮಗನದು.

ಅಪ್ಪ ಶಿವಪುತ್ರಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಳ್ಳಿಯಿಂದ ಅದೇ ಬೆಳಿಗ್ಗೆ ಬಂದಿಳಿದವನು. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಮಗ ಚೇತನ ಇಲ್ಲೇ ಒಂದು ಚಾಳಿನಲ್ಲಿ ಬಾಡಿಗೆಗಿದ್ದವನು, ಕೆಲಸ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಸಬ್ ಇನ್‌ಸ್ಪೆಕ್ಟರ್ ಶುಭಾಂಗಿಯ ಎದುರು ಕೂತು ಅವನು ಹಿಂದಿಯಲ್ಲಿ ಹೇಳಿದ್ದಿಷ್ಟು: ತಾಯಿ ಶರಣವ್ವನನ್ನು ಕಣ್ಣು ತೋರಿಸಲು ಮುಂಬೈಗೆ ಕರೆತಂದಿದ್ದೆ. ಜನವರಿ 27ರ ರಾತ್ರಿ ದಾದರಿನಲ್ಲಿ ಊರಿನ ಗಾಡಿ ಹತ್ತಿಸಿದೆ. ಆಕೆ ಊರು ಮುಟ್ಟಲಿಲ್ಲ. ಫೋನ್ ಬಂದ್. ಇಷ್ಟು ದಿನ ನಾನೇ ಹುಡುಕುತ್ತಿದ್ದೆ.

ಅಪ್ಪ ನಡುವೆ ಬಾಯಿ ಹಾಕಿದ. “ಹಿಟ್ಟಿನ ಗಿರಣಿ ಬಂದ್ ಬಿಟ್ಟು ಆಕಿ ಎಲ್ಲೂ ಹೋಗಾಕಿ ಅಲ್ರೀ. ನಾಕ ದಿನದಾಗ ಬರ್ತೀನಿ ಅಂತ ಬೀಗಾ ಹಾಕಿ ಬಂದಾಳ. ಗಿರಣಿ ಮಾರೂದಿಲ್ಲಂತ ಇವಗ ಕಡ್ಡಿ ಮುರದಂಗ ಹೇಳ್ಯಾಳ. ಅಷ್ಟಾದ ಮ್ಯಾಲೆ ಇವ ಆಕಿನ್ನ ಇಲ್ಲಿಗೆ ಯಾಕ ಕರ್ಕೊಂಡು ಬಂದ್ನೋ ನನಗ ತಿಳೀವಲ್ದು.”

“ಏನಂತಾರೆ?” ಶುಭಾಂಗಿ ಹಿಂದಿಯಲ್ಲಿ ಮಗನನ್ನು ಕೇಳಿದಳು.

“ಬೇಗ ಹುಡುಕಿಕೊಡಿ ಅಂತಾರೆ ಮೇಡಂ.”

ಭಲೇ ಮಗನೇ! ಶುಭಾಂಗಿಯ ಎದೆಯ ಮೇಲಿನ ಹೆಸರುಪಟ್ಟಿ ಮರಾಠಿಯದು, ನಿಜ. ಆದರೆ ಆಕೆ ಬೆಳೆದದ್ದು ನಿಪ್ಪಾಣಿಯಲ್ಲಿ, ಕನ್ನಡ ಬಿಟ್ಟು ಬೇರೇನೂ ಆಡದ ಅಜ್ಜಿಯ ಮಗ್ಗುಲಲ್ಲಿ. ಮುದುಕ ಹೇಳಿದ್ದು ಅಕ್ಷರಕ್ಷರವೂ ತಿಳಿದಿತ್ತು. ತಿಳಿಯಿತೆಂದು ತೋರಿಸಿಕೊಳ್ಳದೆ ಕಾಣೆ ದೂರು ದಾಖಲಿಸಿಕೊಂಡಳು, ಶರಣವ್ವನ ಫೋಟೋ ಇಸಿದುಕೊಂಡು ಇಬ್ಬರನ್ನೂ ಕಳಿಸಿಕೊಟ್ಟಳು.

ಹವಾಲ್ದಾರ್ ಸುಭಾಷ ಎರಡು ದಿನ ದಾದರಿನ ಸಿಸಿಟಿವಿಯ ಮುಂದೆ ಕೂತ. “ಕಣ್ಣು ಕಿತ್ತು ಬಂತು ಮೇಡಂ. ಆ ರಾತ್ರಿ ಆ ಗಾಡಿ ಹತ್ತಿದವರಲ್ಲಿ ಈ ಹೆಂಗಸು ಇಲ್ಲ.” ಮೊಬೈಲ್ ಕಂಪನಿಯ ವರದಿ ಅದಕ್ಕಿಂತ ಚೆನ್ನಾಗಿತ್ತು: ಶರಣವ್ವನ ಫೋನ್ ಬಂದಾದದ್ದು ಜನವರಿ 24ಕ್ಕೆ, ಕಾಂದಿವಲಿಯಲ್ಲಿ. ಗಾಡಿ ಹತ್ತಿಸಿದೆನೆಂದು ಮಗ ಹೇಳಿದ ದಿನಕ್ಕಿಂತ ಮೊದಲೇ.

ಫೆಬ್ರುವರಿ 13ರ ಮಧ್ಯಾಹ್ನ ಶುಭಾಂಗಿ ಅಪ್ಪನೊಬ್ಬನನ್ನೇ ಕರೆಸಿದಳು.

“ಕುಂದರ್ರಿ ಕಾಕಾ. ಆ ಗಿರಣಿ ಕತಿ ಏನೈತಿ, ಹೇಳ್ರಿ.”

ಪೊಲೀಸಿನವಳ ಬಾಯಲ್ಲಿ ತನ್ನ ಮಾತು ಕೇಳಿ ಮುದುಕನಿಗೆ ಕಣ್ಣು ತುಂಬಿತು. “ಅಯ್ಯ, ನಿಮಗ ಬರ್ತೈತೇನ್ರಿ ಬಾಯಾರ!” ಎಂದವನು ಆಮೇಲೆ ನಿಲ್ಲಿಸಲೇ ಇಲ್ಲ.

“ಸರಕಾರದಾಗಿಂದ ತಿಂಗಳಾ ಎರಡ ಸಾವಿರ ಆಕಿ ಖಾತೇಕ ಬೀಳಾಕ ಹತ್ತಿದ್ವು. ಅದಕ್ಕೂ ಮೊದಲ ನಾ ಕೊಟ್ರ ಆಕಿ ಕೈಯಾಗ ರೊಕ್ಕ, ಇಲ್ಲಂದ್ರ ಇಲ್ಲ. ಮೊದಲನೇ ತಿಂಗಳಿಂದು ಬಂದ ಕೂಡ್ಲೆ ಒಂದು ಇಳಕಲ್ ಸೀರಿ ತಂದ್ಲು. ನನ್ನ ಕೇಳಲೇ ಇಲ್ರೀ! ಓಣಿ ಮಂದಿ ಕೇಳೂವಂಗ ಬೈದೆ. ಆಮ್ಯಾಲೆ ಒಂದು ವರ್ಷ ಆ ರೊಕ್ಕ ಮುಟ್ಟಲಿಲ್ಲ. ಸಂಘದಾಗ ಒಂದಿಷ್ಟು ಸಾಲ ಎತ್ತಿದ್ಲು, ಹಿಟ್ಟಿನ ಗಿರಣಿ ಹಾಕಿದ್ಲು.”

“ಈಗ?”

ಮುದುಕ ನಾಚಿದ. “ಈಗ ಚಾ ನಾನ ಮಾಡ್ಕೋತೀನ್ರಿ. ಆಕೀಗಿ ಎಲ್ಲಿ ಪುರಸೊತ್ತು? ಮುಂಜಾನಿಂದ ಗಿರಣಿ ಮುಂದ ಮಂದಿ. ಸಂತಿಗೆ ಹೋಗೂ ಮುಂದ ಏನ್ ತರಲಿ ಅಂತ ನಾನ ಕೇಳ್ತೀನಿ. ಮನಿ ಒಳಗ ಜಗಳಿಲ್ಲ ಬಾಯಾರ. ಖರೇ ಹೇಳ್ತೀನಿ, ನನಗ ಆಕಿ ಬೇಕ್ರಿ.”

ಊಟದ ಹೊತ್ತಾಗಿತ್ತು. ಪಾವ್ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಮುದುಕ ಅಂದದ್ದಕ್ಕೆ ಸುಭಾಷ ಖಡಕ್ ರೊಟ್ಟಿಯ ಒಂದು ಕಟ್ಟು ತಂದ. ಆ ಸುತ್ತಿನಲ್ಲಿ ಅದು ಸಿಗುವುದು ವಾರಿಜಕ್ಕನ ಅಂಗಡಿಯೊಂದರಲ್ಲೇ. ಕಟ್ಟಿಗೆ ದಾರದ ಬದಲು ಸೀರೆಯ ಅಂಚಿನಂಥ ಕೆಂಪು ಬಟ್ಟೆಯ ಪಟ್ಟಿ ಸುತ್ತಿತ್ತು. ಬಿಚ್ಚಲು ಹೋದ ಶಿವಪುತ್ರಪ್ಪನ ಕೈ ನಿಂತಿತು.

“ಇದು ಆಕಿ ಸೀರೀ ದಡಿ.”

“ಇಂಥಾ ದಡಿ ಸಾವಿರ ಸೀರಿಗಿ ಇರ್ತಾವ ಕಾಕಾ.”

“ಇರ್ತಾವ್ರಿ. ಅವತ್ತ ಬೈಯುವಾಗ ನನ್ನ ಕೈಯಾಗಿನ ಬೀಡಿ ತಾಗಿ ಒಂದ ಕಡೆ ಸುಟ್ಟಿತ್ತು. ಮನಿಯಾಗ ಹಸರು ದಾರ ಒಂದ ಇತ್ತು, ಆಕಿ ಅದರಾಗ ಹೊಲದಿದ್ಲು. ಅದನ್ನ ಹುಡುಕ್ರಿ.”

ಈ ಪಟ್ಟಿಯಲ್ಲಿ ಹಸಿರು ಹೊಲಿಗೆ ಇರಲಿಲ್ಲ. ಮೂವರೂ ಎದ್ದು ಅಂಗಡಿಗೆ ಹೋದರು. ಉಡುಪಿ ಕಡೆಯ ವಾರಿಜಕ್ಕನಿಗೆ ಏನನ್ನೂ ಬಿಸಾಡುವ ಅಭ್ಯಾಸವಿಲ್ಲ. ಬಿಡಿ ರೊಟ್ಟಿ ಕೊಳ್ಳುವವರಿಗಾಗಿ ಬಿಚ್ಚಿದ ಕಟ್ಟುಗಳ ಪಟ್ಟಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಶುಭಾಂಗಿ ಡಬ್ಬಿಯನ್ನು ಕೌಂಟರಿನ ಮೇಲೆ ಸುರಿದಳು. ಐದನೆಯದೋ ಆರನೆಯದೋ ಪಟ್ಟಿಯಲ್ಲಿ, ಬೀಡಿಯ ತುದಿಯಷ್ಟು ಅಗಲದ ಹಸಿರು ಹೊಲಿಗೆ ಇತ್ತು.

“ಯಾರು ಕೊಡ್ತಾರೆ ಈ ರೊಟ್ಟಿ?”

“ಚೇತನ ಮೇಡಮ್, ನಮ್ಮ ಹಿಂದಿನ ಚಾಳಿನವ. ಕಾಂದಿವಲಿಯಲ್ಲಿ ಯಾರೋ ಹೆಂಗಸು ಮಾಡ್ತಾರಂತೆ. ಎಂಥಾ ರೊಟ್ಟಿ ಮಾರಾಯ್ರೆ, ಹಪ್ಪಳದ ಹಾಗೆ! ಯಾಕೆ, ಎಂತ ಆಯ್ತು?”

ಶಿವಪುತ್ರಪ್ಪ ಆ ಪಟ್ಟಿಯನ್ನು ಮಡಚಿ ಶುಭಾಂಗಿಯ ಕೈಗಿಟ್ಟ. ಆ ಸಂಜೆ ಅವನ ಹೇಳಿಕೆಯ ಮೇಲೆ ಅಕ್ರಮ ಬಂಧನದ ಕಲಂ ಹಾಕಿ ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ ಚೇತನ ಚಾಳಿನಿಂದ ಹೊರಟ. ಹೆಗಲಿಗೆ ಹಿಟ್ಟಿನ ಚೀಲ. ಮಫ್ತಿಯಲ್ಲಿದ್ದ ಶುಭಾಂಗಿ, ಸುಭಾಷ ಅವನ ಹಿಂದೆ ಹಾರ್ಬರ್ ಲೈನಿನ ಲೋಕಲ್ ಹತ್ತಿದರು, ಗೋರೆಗಾಂವದಲ್ಲಿ ಗಾಡಿ ಬದಲಿಸಿ ಕಾಂದಿವಲಿಯಲ್ಲಿ ಇಳಿದರು. ಎಸ್ಟೇಟಿನ ಗೇಟಿನಲ್ಲಿ ಅಲ್ಲಿನ ಠಾಣೆಯ ಇಬ್ಬರು ಕಾನ್‌ಸ್ಟೆಬಲ್‌ಗಳು ಕಾಯುತ್ತಿದ್ದರು. ಚಹಾದಂಗಡಿಯಿಂದ ಸಾಕ್ಷಿಗೆಂದು ಇಬ್ಬರು ಪಂಚರನ್ನು ಕರೆದುಕೊಂಡದ್ದಾಯಿತು. ಚೇತನ ದುಡಿಯುತ್ತಿದ್ದ, ಸಾಲಿನ ಕೊನೆಯ ಕಾರ್ಖಾನೆ ಮುಚ್ಚಿ ತಿಂಗಳುಗಳಾಗಿದ್ದವು. ಕಾಯಲು ಮಾಲೀಕ ಚೇತನನ ಕೈಗೇ ಬೀಗದ ಕೈ ಕೊಟ್ಟುಹೋಗಿದ್ದ. ಚೇತನ ಬೀಗ ತೆಗೆಯುತ್ತಿದ್ದಂತೆ ಸುಭಾಷ ಅವನ ಕೈಯನ್ನು ಹಿಡಿದುಕೊಂಡ.

ಒಳಗೆ ಕಬ್ಬಿಣದ ಮೆಟ್ಟಿಲು, ಮೇಲೊಂದು ಅಟ್ಟ, ಅದಕ್ಕೂ ಬೀಗ. ಕಿಟಕಿಗೆ ತಗಡು ಬಡಿದಿತ್ತು. ಪಕ್ಕದ ಕಾರ್ಖಾನೆಯ ಪ್ರೆಸ್ ಮೆಷಿನ್ನುಗಳು ನೆಲ ನಡುಗುವಂತೆ ಬಡಿಯುತ್ತಿದ್ದವು. ಇಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಕೇಳುವವರಿಲ್ಲ ಎಂದು ಶುಭಾಂಗಿಗೆ ಅನ್ನಿಸಿತು. ಎರಡನೆಯ ಬಾಗಿಲು ತೆಗೆದಾಗ ಗ್ಯಾಸ್ ಒಲೆಯ ಮುಂದೆ ಶರಣವ್ವ ಕೂತಿದ್ದಳು. ಹಂಚಿನ ಮೇಲೆ ರೊಟ್ಟಿ, ಮಗ್ಗುಲಲ್ಲಿ ದಡಿ ಹರಿದ ಸೀರೆ.

ಚೇತನ ಹಿಂದಿನಿಂದ ಕನ್ನಡದಲ್ಲಿ ಕೂಗಿದ: “ಯವ್ವಾ, ನಾನ ಖುಷೀಲೆ ಇಲ್ಲಿ ಇದ್ದೀನಂತ ಹೇಳು! ಅಷ್ಟ ಹೇಳು, ಸಾಕು!”

“ಆಕಿ ಏನ್ ಹೇಳಬೇಕು ಅನ್ನೂದು ಆಕೀಗೇ ಬಿಡು ತಮ್ಮಾ,” ಎಂದಳು ಶುಭಾಂಗಿ. ಮೊದಲ ದಿನ ಅಪ್ಪ ಆಡಿದ ಮಾತೂ ಈಕೆಗೆ ತಿಳಿದಿತ್ತೆಂದು ಆಗ ಚೇತನನಿಗೆ ಗೊತ್ತಾಯಿತು.

ಶರಣವ್ವ ಎದ್ದು ಬಾಗಿಲಿಗೆ ಬಂದಳು, ಹೊಸ್ತಿಲು ದಾಟಲಿಲ್ಲ.

“ನಾ ಹೊರಗ ಬಂದ್ರ ಇವ ಒಳಗ ಹೋಗ್ತಾನೇನ್ರಿ ಬಾಯಾರ?”

ಸುಳ್ಳು ಹೇಳಬಹುದಿತ್ತು. ಶುಭಾಂಗಿಗೆ ಬಾಯಿ ಬರಲಿಲ್ಲ. “ಹೂಂ. ಹೋಗ್ತಾನ.”

ಆಕೆ ಅಲ್ಲೇ ನಿಂತಳು. ಶುಭಾಂಗಿಯೂ ನಿಂತಳು. ಕೈ ಹಿಡಿದು ಎಳೆದು ತರಲು ಇದು ಅಂಥ ಬಾಗಿಲಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಶರಣವ್ವ ತಿರುಗಿ ಹೋಗಿ ಒಲೆ ಆರಿಸಿದಳು, ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಹೊರಗೆ ಬಂದಳು. ಮಗನ ಕಡೆ ನೋಡಲಿಲ್ಲ.

“ಬರಕೊಳ್ರಿ. ನನ್ನ ಮಗ ನನ್ನ ಬೀಗಾ ಹಾಕಿ ಇಟ್ಟಿದ್ದ. ಗಿರಣಿ ಮಾರೂ ಕಾಗದಕ್ಕ ಹೆಬ್ಬಟ್ಟು ಒತ್ತೂತನಕ ಬಿಡೂದಿಲ್ಲ ಅಂದಿದ್ದ.”

“ಹೊಡದ್ನಾ?”

“ಇಲ್ರಿ. ದಿನಾ ಬಂದು ಅಳತಿದ್ದ. ಅವನ ಅಳು ನೋಡಲಾರ್ದ ಎರಡ ಸಲ ಹೆಬ್ಬಟ್ಟಿಗಿ ಮಸಿ ಹಚ್ಕೊಂಡೀನ್ರಿ. ಮತ್ತ ಒರಸ್ಕೊಂಡೀನಿ.”

“ರೊಟ್ಟಿ?”

“ಹಿಟ್ಟ ತಂದ್ಕೊಡು, ಮಾಡ್ತೀನಿ, ಮಾರ್ಕೋ ಅಂತ ನಾನ ಅಂದೆ. ಕಟ್ಟಾಕ ದಾರ ಬ್ಯಾಡ, ನನ್ನ ಕಡೆ ಐತಿ ಅಂದೆ. ಯಾರರೆ ನೋಡ್ಯಾರು ಅಂತ ಮಾಡಿದ್ದೆ. ಮೊದಲ ಇವನ ನೋಡಬೇಕಿತ್ತು. ದಿನಾ ಕೈಯಾಗ ಹಿಡದಾನ, ಅವ್ವನ ಸೀರಿ ಅಂತ ಗುರುತ ಹತ್ತಲಿಲ್ಲ ಇವಗ.” ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಒಮ್ಮೆಲೇ ಬಂತು.

ಪಂಚನಾಮೆ ಮುಗಿಯಿತು. ಎರಡು ಬೀಗ, ಹೆಬ್ಬಟ್ಟಿಲ್ಲದ ಕಾಗದ, ಸೀರೆ ಜಪ್ತಿಯಾದವು. ಹನ್ನೊಂದೂಮುಕ್ಕಾಲಿಗೆ ಚೇತನನ ಬಂಧನ ತೋರಿಸಲಾಯಿತು.

ಠಾಣೆಯಲ್ಲಿ ವಿಚಾರಣೆ ಉದ್ದವಾಗಲಿಲ್ಲ.

“ಕೆಲಸ ಹೋಗಿ ಎಷ್ಟು ದಿನ ಆತು?”

“ದೀಪಾವಳಿಗೇ ಹೋತ್ರಿ.”

“ರೊಕ್ಕ ಯಾಕ ಬೇಕಿತ್ತು?”

“ಚಾಳಿನ ಮಾಲೀಕ ಖೋಲಿ ಖಾಲಿ ಮಾಡು ಅಂದ. ಬ್ಯಾರೆ ಖೋಲೀಗೆ ಡಿಪಾಜಿಟ್ ಬೇಕಿತ್ರಿ.”

“ಊರಿಗೆ ಹೋಗಬಹುದಿತ್ತು.”

“ಯಾವ ಮುಖ ಹೊತ್ಕೊಂಡು?” ಚೇತನ ತೋಳಿಗಂಟಿದ್ದ ಹಿಟ್ಟನ್ನು ಒರೆಸಿಕೊಂಡ. “ಅವ್ವ ಎಂದೂ ನನಗ ಇಲ್ಲ ಅಂದಾಕಿ ಅಲ್ರೀ ಮೇಡಂ. ತನ್ನ ತುತ್ತು ಕೊಟ್ಟಾಳ, ಕಿವಿಯಾನ ಓಲಿ ಬಿಚ್ಚಿ ಕೊಟ್ಟಾಳ. ಈ ಸಲ ಇಲ್ಲ ಅಂದ್ಲು. ಇದು ನಮ್ಮ ಅವ್ವ ಅಲ್ಲ, ಖಾತೇದಾಗಿನ ರೊಕ್ಕ ಮಾತಾಡಾಕ ಹತ್ತೈತಿ ಅನ್ನಿಸ್ತು. ಎರಡ ದಿನ ಇಟ್ರ ಮೊದಲಿನ ಅವ್ವ ಆಗ್ತಾಳ ಅಂತ ಮಾಡಿದ್ದೆ.”

ಶುಭಾಂಗಿ ಅದನ್ನು ಅವನ ಮಾತಿನಲ್ಲೇ ಬರೆದುಕೊಂಡಳು. ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ ಅವನು ಕೇಳಿದ ಮೊದಲ ‘ಇಲ್ಲ’ ಅದು. ಅದನ್ನು ತಾಳಿಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ತಾಯಿಯೂ ಕಲಿಸಿರಲಿಲ್ಲ.

ಸಂಜೆ ಸುಭಾಷ ರಿಜಿಸ್ಟರ್ ತೆರೆದು, ಹೆಂಗಸನ್ನು ಗಂಡನ ತಾಬೆಗೆ ಕೊಟ್ಟೆವು ಎಂದು ಬರೆಯಲೇ ಎಂದು ಕೇಳಿದ. ಶುಭಾಂಗಿ ಅದನ್ನು ಕನ್ನಡದಲ್ಲಿ ಹೇಳಿದಾಗ ಶರಣವ್ವ ಗಂಡನನ್ನು ನೋಡಿದಳು.

“ನಾ ಏನ್ ಸಾಮಾನೇನ್ರಿ, ಯಾರದರೆ ತಾಬೇಕ ಕೊಡಾಕ? ಇವರ ಕೂಡ ನಾನ ಹೊಂಟೀನಿ ಅಂತ ಬರೀರಿ.”

ಹಾಗೇ ಬರೆದದ್ದಾಯಿತು. ಆಕೆ ಸೀರೆ ಕೇಳಿದಳು. ಅದು ಮುದ್ದೆಮಾಲು, ಕೇಸಿನ ಸಾಕ್ಷ್ಯ; ಕೇಸು ಮುಗಿಯುವವರೆಗೆ ಬಿಟ್ಟುಕೊಡಲು ಬರುವುದಿಲ್ಲ ಎಂದಳು ಶುಭಾಂಗಿ. ಹೇಳುವಾಗ ಅವಳಿಗೇ ಮುಜುಗರವಾಯಿತು.

“ಹೊಸಾದು ನಾ ಕೊಡಸ್ತೀನಿ ತಗೋ,” ಎಂದ ಶಿವಪುತ್ರಪ್ಪ.

ಶರಣವ್ವ ಲಾಕಪ್ಪಿನ ಕಡೆ ನಡೆದಳು. ಒಳಗೆ ಚೇತನ ಮೊಣಕಾಲ ನಡುವೆ ತಲೆ ಇಟ್ಟು ಕೂತಿದ್ದ. ಸರಳು ಹಿಡಿದು ಆಕೆ ಹೇಳಿದಳು:

“ಮುಂದಿನ ತಿಂಗಳ ರೊಕ್ಕ ಬೀಳ್ತೈತಿ. ನಿನಗ ವಕೀಲನ್ನ ಹಿಡೀತೀನಿ. ಸೀರಿ ಅದರ ಮುಂದಿನ ತಿಂಗಳ ತಗೋತೀನಿ. ಗಿರಣಿ ಮಾರೂದಿಲ್ಲ.”